ಕರೆಂಟ್ ಹೋದಾಗ ಬಂದ ಗೋಲು

ಅಕ್ಕನ ಮಗನಿಗೆ ಹನ್ನೊಂದು ವರ್ಷ. ಸ್ಪೇನ್‌ನ ಫುಟ್‌ಬಾಲ್ ಹುಡುಗ ಲಮೀನ್ ಯಮಾಲ್ ಅಂದರೆ ಪ್ರಾಣ. ಕಳೆದ ತಿಂಗಳು ಮನೆಗೆ ಬಂದಿದ್ದಾಗ ಬೀರುವಿನ ತಳದಲ್ಲಿದ್ದ ನನ್ನ ಹಳೇ ಬಾರ್ಸಾ (ಸ್ಪೇನ್‌ನ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್) ಜೆರ್ಸಿ ಅವನ ಕಣ್ಣಿಗೆ ಬಿತ್ತು. ಬೆನ್ನ ಮೇಲೆ 5 ಅನ್ನೋ ನಂಬರು, ಅದರ ಮೇಲೆ ಅರ್ಧ ಉದುರಿದ ಅಕ್ಷರಗಳಲ್ಲಿ ಪುಯೋಲ್ ಅಂತ ಹೆಸರು. "ಮಾಮ, ಇವನು ಯಾರು?" ಅಂದ. ನಾನು ಹುರುಪಿನಿಂದ ಹತ್ತು ನಿಮಿಷ ಮಾತಾಡಿದೆ. ಎಂಥ ಡಿಫೆಂಡರ್, ಎಂಥ ಕ್ಯಾಪ್ಟನ್, ಬಾರ್ಸಾದ ಬದ್ಧ ಎದುರಾಳಿ ರಿಯಲ್ ಮ್ಯಾಡ್ರಿಡ್‌ನವರೂ ಬಯ್ಯದ ಮನುಷ್ಯ ಅಂತೆಲ್ಲ. ಹುಡುಗ ಎಲ್ಲ ಕೇಳಿ, "ಸರಿ, ಒಂದು ಒಳ್ಳೇ ವಿಡಿಯೋ ತೋರಿಸು" ಅಂದ.

ಅಲ್ಲೇ ಸಿಕ್ಕಿಬಿದ್ದೆ. ಸೋಫಾ ಮೇಲೆ ಇಬ್ಬರೂ ಕೂತು ಒಂದಾದ ಮೇಲೊಂದು ಹಾಕಿ ನೋಡಿದೆವು. ಜರ್ಮನಿ ವಿರುದ್ಧ ಹೊಡೆದ ಹೆಡ್ಡರ್. ಮ್ಯಾಡ್ರಿಡ್‌ನಲ್ಲಿ ಗೋಲು ಹೊಡೆದು ತೋಳಿನ ಕ್ಯಾಪ್ಟನ್ ಪಟ್ಟಿಗೆ ಮುತ್ತು ಕೊಟ್ಟದ್ದು. ಗ್ಯಾಲರಿಯಿಂದ ಯಾರೋ ಎಸೆದ ಲೈಟರನ್ನು ಜೊತೆ ಆಟಗಾರ ಪಿಕೆ ರೆಫ್ರಿಗೆ ತೋರಿಸಲು ಹೊರಟಾಗ, ಅದನ್ನು ಕಿತ್ತುಕೊಂಡು ಆಚೆ ಬಿಸಾಡಿ ಆಟ ನೋಡು ಅಂದದ್ದು. ಗೋಲು ಹೊಡೆದು ಕುಣಿಯುತ್ತಿದ್ದ ಗೆಳೆಯರನ್ನು ಓಡಿ ಬಂದು ಬಿಡಿಸಿದ್ದು. ಕಪ್ಪನ್ನು ಬೇರೆಯವರ ಕೈಗೆ ಕೊಟ್ಟದ್ದು. ಐದೂ ನೋಡಿದ ಮೇಲೆ ಅವನು ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

"ಇದರಲ್ಲಿ ಡಿಫೆನ್ಸ್ ಎಲ್ಲಿದೆ ಮಾಮ?"

ಕೂದಲು

ಮೊದಲು ಒಂದು ನಿಜ ಒಪ್ಪಿಕೊಳ್ಳುತ್ತೇನೆ. ನನಗೆ ಪುಯೋಲ್ ಇಷ್ಟವಾದದ್ದು ಆಟದಿಂದಲ್ಲ, ಕೂದಲಿನಿಂದ. ನಮ್ಮ ರೂಮಿನಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಹದಿನಾಲ್ಕು ಇಂಚಿನ ಟಿವಿ. ಕೇಬಲ್ ಸಿಗ್ನಲ್ಲು ಒಂದೊಂದು ದಿನ ಒಂದೊಂದು ಥರ. ಅದರಲ್ಲಿ ಹನ್ನೊಂದು ಜನರೂ ಹನ್ನೊಂದು ಚುಕ್ಕೆ. ಯಾರು ಶಾವಿ, ಯಾರು ಇನಿಯೆಸ್ತಾ ಅಂತ ಕಾಮೆಂಟರಿ ಹೇಳಿದ ಮೇಲೇ ಗೊತ್ತಾಗುತ್ತಿತ್ತು. ಪುಯೋಲ್ ಮಾತ್ರ ಕೇಳಬೇಕಾಗಿರಲಿಲ್ಲ. ಆ ಗುಂಗುರು ಕೂದಲಿನ ಗುಡ್ಡೆ ಎಲ್ಲಿ ಹಾರಾಡುತ್ತಿದೆಯೋ ಅಲ್ಲಿ ಅವನಿದ್ದಾನೆ. (ಏಕವಚನಕ್ಕೆ ಕ್ಷಮೆ ಇರಲಿ. ಇಷ್ಟದವರನ್ನು ಬಹುವಚನದಲ್ಲಿ ಕರೆಯೋಕೆ ನನಗೆ ಬರಲ್ಲ.) ಗುರುತು ಹಿಡಿಯಲು ಸುಲಭ ಇರೋನನ್ನೇ ಮನಸ್ಸು ಹಿಂಬಾಲಿಸುತ್ತೆ. ಆಮೇಲೆ ಅದಕ್ಕೊಂದು ದೊಡ್ಡ ಕಾರಣ ಹುಡುಕಿಕೊಳ್ಳುತ್ತೆ. ಜನಪ್ರಿಯತೆ ಅಂದರೆ ಅರ್ಧ ಇಷ್ಟೇ ಅಂತ ನನಗೆ ಅನುಮಾನ.

ಕಾರಣಗಳೂ ಸಿಕ್ಕವು ಅನ್ನಿ. ಹುಟ್ಟಿದ್ದು 1978ರಲ್ಲಿ, ಪಿರನೀಸ್ ಬೆಟ್ಟಗಳ ತಪ್ಪಲಿನ ಲಾ ಪೊಬ್ಲಾ ದೆ ಸೆಗೂರ್ ಅನ್ನೋ ಸಣ್ಣ ಊರಿನಲ್ಲಿ. ಚಿಕ್ಕವನಿದ್ದಾಗ ಗೋಲ್‌ಕೀಪರ್. ಭುಜದ ತೊಂದರೆಯಿಂದ ಅದನ್ನು ಬಿಟ್ಟು ಮುಂದೆ ಆಡಲು ಶುರು ಮಾಡಿದ. ಬಾರ್ಸಾ ಹುಡುಗರನ್ನು ತಯಾರು ಮಾಡುವ ಲಾ ಮಾಸಿಯಾಗೆ ಬಂದಾಗ ಹದಿನೇಳು ವರ್ಷ. ಅಲ್ಲಿನ ಲೆಕ್ಕದಲ್ಲಿ ಅದು ತಡವೋ ತಡ. ಶಾವಿ ಹನ್ನೊಂದಕ್ಕೆ, ಇನಿಯೆಸ್ತಾ ಹನ್ನೆರಡಕ್ಕೆ ಬಂದವರು. ಕಾಲಿನಲ್ಲಿ ಅವರಷ್ಟು ಜಾಣತನವೂ ಇಲ್ಲ, ಎತ್ತರ ನೋಡಿದರೆ 1.78 ಮೀಟರ್. ಸೆಂಟರ್ ಬ್ಯಾಕ್, ಅಂದರೆ ಡಿಫೆನ್ಸ್‌ನ ನಡುವೆ ಆಡುವವನಿಗೆ ಇದು ಕಮ್ಮಿಯೇ. 1998ರಲ್ಲಿ ಮಾಲಗಾ ಕ್ಲಬ್ಬಿಗೆ ಮಾರಲು ಬಾರ್ಸಾ ಒಪ್ಪಿಯೂ ಆಗಿತ್ತು. ಗೆಳೆಯ ಶಾವಿ ಮೇಲಿನ ತಂಡಕ್ಕೆ ಆಡಿದ್ದನ್ನು ನೋಡಿ ಇವನು ಹೋಗಲ್ಲ ಅಂದುಬಿಟ್ಟ. ಮರುವರ್ಷ, 1999ರ ಅಕ್ಟೋಬರ್‌ನಲ್ಲಿ, ಕೋಚ್ ಫಾನ್ ಹಾಲ್ ಇವನನ್ನೂ ಇಳಿಸಿದರು. ಅಲ್ಲಿಂದ 2014ರ ತನಕ ಒಂದೇ ಕ್ಲಬ್, 593 ಪಂದ್ಯ. ಅದರಲ್ಲಿ ಹತ್ತು ವರ್ಷ ಕ್ಯಾಪ್ಟನ್. ಗೋಲು ಇಪ್ಪತ್ತೂ ಇಲ್ಲ.

ಆ ಇಪ್ಪತ್ತೂ ಇಲ್ಲದ ಗೋಲುಗಳಲ್ಲಿ ಒಂದೆರಡು ನಮಗೆ ಬಾಯಿಪಾಠ. 593 ಪಂದ್ಯದ ಡಿಫೆನ್ಸ್‌ನಲ್ಲಿ ಒಂದನ್ನಾದರೂ ಹೇಳು ಅಂದರೆ?

ಜುಲೈ 2010, ಹನುಮಂತನಗರ

ವರ್ಲ್ಡ್ ಕಪ್ ಸೆಮಿಫೈನಲ್. ಡರ್ಬನ್‌ನಲ್ಲಿ ಸ್ಪೇನ್ ಮತ್ತು ಜರ್ಮನಿ. ನಮಗೆ ಪಂದ್ಯ ಶುರುವಾಗಿದ್ದು ರಾತ್ರಿ ಹನ್ನೆರಡಕ್ಕೆ. ಕೆಳಗೆ ಓನರ್ ಆಂಟಿ ಮಲಗಿರುತ್ತಾರೆ ಅಂತ ಸೌಂಡ್ ಎರಡು ಗೆರೆಯಷ್ಟು ಇಟ್ಟುಕೊಂಡು ನಾನು, ರೂಂಮೇಟ್ ಇಬ್ಬರೇ ನೋಡುತ್ತಿದ್ದೆವು. ಜರ್ಮನಿ ಆಗ ರೋಡ್ ರೋಲರ್ ಇದ್ದಂತೆ. ಇಂಗ್ಲೆಂಡ್‌ಗೆ ನಾಲ್ಕು, ಅರ್ಜೆಂಟೀನಾಗೆ ನಾಲ್ಕು ಬಾರಿಸಿ ಬಂದಿತ್ತು. ನನ್ನ ರೂಂಮೇಟ್ ಜರ್ಮನಿ ಕಡೆ. ಸೋತವರು ಒಂದು ವಾರ ಪಾತ್ರೆ ತೊಳೆಯಬೇಕು ಅಂತ ಪಂಥ.

ಒಂದು ಗಂಟೆಗೂ ಜಾಸ್ತಿ ಹೊತ್ತು ಏನೂ ಆಗಲಿಲ್ಲ. ಹಾಗಂತ ಆಗ ಅನ್ನಿಸಿತು. ಸ್ಪೇನ್ ಚೆಂಡು ಇಟ್ಟುಕೊಂಡು ಆಕಡೆ ಈಕಡೆ ದಾಟಿಸುತ್ತಲೇ ಇತ್ತು. ಜರ್ಮನಿಗೆ ಸಬ್‌ಸ್ಟಿಟ್ಯೂಟ್ ಆಗಿ ಬಂದಿದ್ದ ಹುಡುಗ ಟೋನಿ ಕ್ರೂಸ್‌ಗೆ 69ನೇ ನಿಮಿಷಕ್ಕೆ ಒಂದು ಚಾನ್ಸ್ ಸಿಕ್ಕಿತು. ಸ್ಪೇನ್ ಕೀಪರ್ ಕಸಿಯಾಸ್ ತಡೆದ. ರೂಂಮೇಟ್ ದಿಂಬು ಎತ್ತಿ ಗೋಡೆಗೆ ಎಸೆದ. ಅದಾಗಿ ಎರಡು ನಿಮಿಷ ಆಗಿರಬೇಕು, ಕರೆಂಟ್ ಹೋಯಿತು.

ಕಿಟಕಿಯಿಂದ ನೋಡಿದರೆ ಎದುರುಮನೆಯಲ್ಲಿ ದೀಪ ಉರಿಯುತ್ತಿದೆ. ನಮ್ಮದು ಒಂದು ಫೇಸ್ ಮಾತ್ರ ಹೋಗಿತ್ತು. ಮೊಬೈಲ್ ಬೆಳಕಿನಲ್ಲಿ ಇಬ್ಬರೂ ಮುಖ ಮುಖ ನೋಡಿಕೊಂಡು ಕೂತಿದ್ದಾಗ ಎದುರುಮನೆಯಿಂದ "ಹೋ" ಅಂತ ಒಂದು ಕೂಗು ಬಂತು. ಅದು ಕಾಲೇಜು ಹುಡುಗರಿದ್ದ ಮನೆ. ಯಾವ ತಂಡದವರು ಅಂತ ಗೊತ್ತಿಲ್ಲ. ನಾನು ಬಾಲ್ಕನಿ ಕಡೆ ಓಡಿದೆ. ಬಾಗಿಲ ಹತ್ತಿರ ತುಂಬಿಸಿಟ್ಟಿದ್ದ ನೀರಿನ ಬಕೆಟ್ ಕಾಲಿಗೆ ಸಿಕ್ಕಿ ರೂಮೆಲ್ಲ ನೀರು. ಆ ನೀರಿನಲ್ಲೇ ನಿಂತು "ಯಾರು ಹೊಡೆದಿದ್ದು?" ಅಂತ ಕೂಗಿದೆ. ಎದುರಿನ ಬಾಲ್ಕನಿಯಿಂದ ಉತ್ತರ ಬಂತು: "ಕೂದಲು! ಕೂದಲು!"

73ನೇ ನಿಮಿಷ. ಎಡಗಡೆಯಿಂದ ಶಾವಿಯ ಕಾರ್ನರ್. ಬಾಕ್ಸಿನ ಆಚೆಯಿಂದ ಓಡಿ ಬಂದ ಪುಯೋಲ್ ಪಿಕೆಗಿಂತ ಮೇಲೆ ಹಾರಿ, ಹಣೆ ಕೊಟ್ಟು ಗುದ್ದಿದ. ಕೀಪರ್ ನೋಯರ್ ಕೈಯೆತ್ತುವ ಹೊತ್ತಿಗೆ ಚೆಂಡು ಬಲೆಯಲ್ಲಿತ್ತು. ಇದೆಲ್ಲ ನಾನು ಮಾರನೇ ದಿನ ನೋಡಿದ್ದು. ಆಮೇಲೆ ನೂರು ಸಲ ನೋಡಿದ್ದೇನೆ. ಆದರೆ ಆ ರಾತ್ರಿ ನಾನು ಕಣ್ಣಾರೆ ನೋಡಿದ್ದು ಮೊದಲ ಎಪ್ಪತ್ತು ನಿಮಿಷ. ಅದರಲ್ಲಿ ಪುಯೋಲ್ ಏನು ಮಾಡಿದ ಅಂತ ಕೇಳಿದರೆ ಒಂದೂ ನೆನಪಿಲ್ಲ. ನೋಡದೇ ಇದ್ದದ್ದು ಅಚ್ಚು ಒತ್ತಿದಂತೆ ಇದೆ, ನೋಡಿದ್ದು ಅಳಿಸಿಹೋಗಿದೆ.

ಆ ವರ್ಲ್ಡ್ ಕಪ್ಪಿನ ಲೆಕ್ಕ ಒಮ್ಮೆ ನೋಡಿ. ಏಳು ಪಂದ್ಯದಲ್ಲಿ ಸ್ಪೇನ್ ಹೊಡೆದದ್ದು ಬರೀ ಎಂಟು ಗೋಲು. ನಾಕೌಟ್‌ನ ನಾಲ್ಕು ಪಂದ್ಯವನ್ನೂ 1-0ಯಿಂದ ಗೆದ್ದಿತು. ಹೊಡೆಸಿಕೊಂಡದ್ದು ಎರಡೇ ಗೋಲು, ಅದೂ ಮೊದಲ ಸುತ್ತಿನಲ್ಲಿ. ಆ ಸಣ್ಣ ಸಣ್ಣ ಪಾಸಿನ ಆಟ ನೋಡಿ ಟಿಕಿ-ಟಾಕಾ ಟಿಕಿ-ಟಾಕಾ ಅಂತ ನಾವೆಲ್ಲ ಕುಣಿದೆವು. ನಿಜವಾಗಿ ಕಪ್ ಬಂದದ್ದು ರಾಮೋಸ್, ಪಿಕೆ, ಪುಯೋಲ್, ಕಾಪ್‌ದೆವಿಲಾ ಈ ನಾಲ್ವರು ಮತ್ತು ಕಸಿಯಾಸ್ ನಾಕೌಟ್‌ನಲ್ಲಿ ಒಂದೂ ಬಿಡದೇ ಇದ್ದದ್ದರಿಂದ. ಕಾಪ್‌ದೆವಿಲಾ ಅನ್ನೋ ಹೆಸರು ಈಗ ಎಷ್ಟು ಜನಕ್ಕೆ ನೆನಪಿದೆ? ಅವನಿಗೆ ಹಾರಾಡುವ ಕೂದಲು ಇರಲಿಲ್ಲ, ಸೆಮಿಫೈನಲ್‌ನಲ್ಲಿ ಗೋಲೂ ಇರಲಿಲ್ಲ.

ಒಂದೇ ಒಂದು ಸಲ ಡಿಫೆನ್ಸ್ ಕಂಡದ್ದು

ಇಲ್ಲಿ ದ್ರಾವಿಡ್ ಹೆಸರು ಬರಬೇಕಲ್ವಾ ಅಂತ ನಿಮಗೆ ಅನ್ನಿಸುತ್ತಿರಬಹುದು. ನನಗೂ ಅನ್ನಿಸಿತ್ತು. ಗೋಡೆ ಅನ್ನೋ ಪದ ಇಬ್ಬರಿಗೂ ಹೊಂದುತ್ತೆ. ಆದರೆ ಯೋಚಿಸುತ್ತಾ ಹೋದಂತೆ ಹೋಲಿಕೆ ಕುಸಿಯಿತು. ದ್ರಾವಿಡ್ ದಿನವಿಡೀ ತಡೆದರೂ ಸಂಜೆಗೆ ಹೆಸರಿನ ಮುಂದೆ ಒಂದು ಸಂಖ್ಯೆ ಇರುತ್ತೆ. ಟೆಸ್ಟಿನಲ್ಲಿ 13,288 ರನ್ ಅಂತ ಇವತ್ತಿಗೂ ತೋರಿಸಬಹುದು. ಗೋಲ್‌ಕೀಪರ್‌ಗೂ ಎಷ್ಟು ತಡೆದ ಅಂತ ಲೆಕ್ಕ ಇದೆ. ಡಿಫೆಂಡರ್‌ಗೆ ಇರೋದು ಎದುರಿನವರ ಗೋಲಿನ ಸೊನ್ನೆ ಮಾತ್ರ. ಆ ಸೊನ್ನೆಯಲ್ಲೂ ಹನ್ನೊಂದು ಜನರ ಪಾಲು. ಟ್ಯಾಕಲ್, ಅಂದರೆ ಎದುರಿನವನ ಕಾಲಿನಿಂದ ಚೆಂಡು ಕಸಿದದ್ದನ್ನು ಎಣಿಸುತ್ತಾರೆ, ಹೌದು. ಆದರೆ ಒಳ್ಳೇ ಡಿಫೆಂಡರ್ ಸರಿಯಾದ ಜಾಗದಲ್ಲಿ ನಿಂತಿದ್ದರೆ ಟ್ಯಾಕಲ್ ಮಾಡುವ ಸಂದರ್ಭವೇ ಬರಲ್ಲ. ಎದುರಿನವನು ಅವನನ್ನು ನೋಡಿ ಪಾಸನ್ನೇ ಬೇರೆ ಕಡೆ ಕೊಡುತ್ತಾನೆ. ಕೊಡದೇ ಹೋದ ಪಾಸನ್ನು ಯಾವ ಪಟ್ಟಿಯಲ್ಲಿ ಬರೆಯೋದು?

ಪುಯೋಲ್‌ನ ಡಿಫೆನ್ಸನ್ನು ಜನ ಕಣ್ಣಾರೆ ನೋಡಿ ಮೆಚ್ಚಿದ ಒಂದು ರಾತ್ರಿ ಇದೆ. 2000ದ ಅಕ್ಟೋಬರ್, ಬಾರ್ಸಾದ ಸ್ಟೇಡಿಯಂ ಕ್ಯಾಂಪ್ ನೌ. ಬಾರ್ಸಾ ಬಿಟ್ಟು ರಿಯಲ್ ಮ್ಯಾಡ್ರಿಡ್ ಸೇರಿದ್ದ ಫಿಗೊ ಮೊದಲ ಸಲ ಅಲ್ಲಿಗೆ ಆಡಲು ಬಂದ. ಇಡೀ ಸ್ಟೇಡಿಯಂ ಅವನ ಮೇಲೆ ಉರಿದುಬಿದ್ದಿತ್ತು. ಚೆಂಡು ಅವನ ಕಾಲಿಗೆ ಬಂದರೆ ಸಾಕು, ಕಿವಿ ಕಿತ್ತುಹೋಗುವ ಹಾಗೆ ಶಿಳ್ಳೆ. ಅವನಿಗೆ ಅಂಟಿಕೊಂಡಿರಲು ಬಿಟ್ಟದ್ದು ಇಪ್ಪತ್ತೆರಡು ವರ್ಷದ ಪುಯೋಲ್‌ನನ್ನು. ಆವರೆಗೆ ಅವನು ತಂಡಕ್ಕೆ ಬಂದು ಹೋಗುವ ಹುಡುಗ, ಅಷ್ಟೆ. ಅವತ್ತು ನೆರಳಿನಂತೆ ಹಿಂದೆ ಬಿದ್ದ. ಬಾರ್ಸಾ 2-0 ಗೆದ್ದಿತು. ಆ ರಾತ್ರಿಯಿಂದ ಅವನು ಬಾರ್ಸಾ ಜನರ ಮನೆಮಗ. ಯಾಕೆ ಅಂತ ಯೋಚಿಸಿದರೆ ಉತ್ತರ ಸುಲಭ ಇದೆ. ಅವತ್ತು ಎಲ್ಲರ ಕಣ್ಣೂ ಫಿಗೊ ಮೇಲೆ ಇತ್ತು. ಫಿಗೊ ಎಲ್ಲಿದ್ದರೆ ಅಲ್ಲಿ ಇವನಿದ್ದ. ಡಿಫೆಂಡರ್ ಕಾಣಬೇಕಾದರೆ ಜನರಿಗೆ ಒಬ್ಬನ ಮೇಲೆ ಅಷ್ಟು ಸಿಟ್ಟು ಇರಬೇಕಾಯಿತು ನೋಡಿ.

ಇನ್ನೊಂದು ಕ್ಷಣವೂ ಇದೆ. 2002ರಲ್ಲಿ ಲೊಕೊಮೊಟಿವ್ ಮಾಸ್ಕೋ ವಿರುದ್ಧ ಕೀಪರ್ ಮುಂದೆ ಹೋಗಿಬಿಟ್ಟಿದ್ದ, ಗೋಲು ಖಾಲಿ. ಹೊಡೆದ ಚೆಂಡಿಗೆ ಪುಯೋಲ್ ಎದೆಯೊಡ್ಡಿದ. ಕ್ಲಬ್ಬಿನ ಲಾಂಛನ ಇರುವ ಜಾಗಕ್ಕೇ ತಾಗಿತು. ಅಭಿಮಾನಿಗಳು ಇದನ್ನು ಪುರಾಣದಂತೆ ಹೇಳುತ್ತಾರೆ. ಆದರೆ ಅಲ್ಲೂ ಜನ ಹಿಡಿದುಕೊಂಡದ್ದು ಲಾಂಛನವನ್ನು. ಅದೇ ಚೆಂಡು ಮೊಣಕಾಲಿಗೆ ತಾಗಿದ್ದರೆ ಗೋಲು ಅಷ್ಟೇ ತಪ್ಪುತ್ತಿತ್ತು, ಕತೆ ಹುಟ್ಟುತ್ತಿರಲಿಲ್ಲ.

ಕಂಠೀರವದ ಹಿರಿಯರು

2016ರ ಅಕ್ಟೋಬರ್ 19. ಬೆಂಗಳೂರು ಎಫ್‌ಸಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಲೆಗ್ ಆಡುತ್ತಿತ್ತು, ಮಲೇಷ್ಯಾದ ಜೊಹೊರ್ ತಂಡದ ಎದುರು. ಕೋಚ್ ಆಲ್ಬರ್ಟ್ ರೋಕಾ. ಪುಯೋಲ್ ಕ್ಯಾಪ್ಟನ್ ಆಗಿದ್ದ ಕಾಲದಲ್ಲಿ ಬಾರ್ಸಾದಲ್ಲಿ ಮುಖ್ಯ ಕೋಚ್ ರೈಕಾರ್ಡ್ ಜೊತೆ ಸಹಾಯಕ ಕೋಚ್ ಆಗಿದ್ದವರು ಅವರೇ. ನಮ್ಮ ಡಿಫೆನ್ಸ್‌ನಲ್ಲೂ ಒಬ್ಬ ಸ್ಪೇನ್‌ನವನಿದ್ದ, ಹುವಾನನ್. ಕ್ಯಾನರಿ ದ್ವೀಪಗಳ ಕಡೆಯವನು. ಸ್ಟೇಡಿಯಂನಲ್ಲಿ ನಮ್ಮ ಅಭಿಮಾನಿ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್‌ನವರ ಡ್ರಮ್ಮಿನ ಸದ್ದಿಗೆ ಕುರ್ಚಿಯೇ ನಡುಗುತ್ತಿತ್ತು.

ನನ್ನ ಪಕ್ಕ ಅರವತ್ತರ ಮೇಲಿನ ಒಬ್ಬರು ಕೂತಿದ್ದರು. ಹಲಸೂರಿನ ಗೌತಮಪುರದವರು. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಏರಿಯಾ ಅದು, ಹಾಗಾಗಿ ಮಾತಿಗೆ ಮೊದಲೇ ಗೌರವ ಬಂತು. ಹರೆಯದಲ್ಲಿ ಬ್ಯಾಕ್ ಆಡುತ್ತಿದ್ದರಂತೆ. ಚೆಟ್ರಿ ಚೆಂಡು ತಗೊಂಡು ಓಡಿದಾಗ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ಅವರು ಮಾತ್ರ ಕೂತೇ ಬೇರೆ ಕಡೆ ನೋಡುತ್ತಿದ್ದರು. ಯಾಕೆ ಅಂತ ಕೇಳಿದೆ.

"ಬಾಲ್ ಬಿಡಿ ಸಾರ್, ಅದನ್ನ ಎಲ್ಲಾರೂ ನೋಡ್ತಾರೆ. ಆ ಸ್ಪೇನ್‌ನವನ ತಲೆ ನೋಡಿ. ಎಷ್ಟು ಸಲ ಹಿಂದೆ ತಿರುಗುತ್ತೆ ಎಣಿಸಿ."

ಎಣಿಸಲು ಶುರು ಮಾಡಿದೆ. ಚೆಂಡು ಆ ತುದಿಯಲ್ಲಿದ್ದರೂ ಹುವಾನನ್ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಕತ್ತು ತಿರುಗಿಸುತ್ತಿದ್ದ. ಬೆನ್ನ ಹಿಂದೆ ಯಾರಿದ್ದಾರೆ ಅಂತ ನೋಡೋದು, ಕೈ ತೋರಿಸೋದು, ಪಕ್ಕದವನನ್ನು ಎರಡು ಹೆಜ್ಜೆ ಎಳೆದು ನಿಲ್ಲಿಸೋದು. ನಾನು ಇಪ್ಪತ್ತು ಎಣಿಸುವಷ್ಟರಲ್ಲಿ ಲೆಕ್ಕ ತಪ್ಪಿತು. "ಬಾಲ್ ಇಲ್ದೇ ಇರೋವಾಗ ಕೆಲಸ ಸಾರ್ ಇದು" ಅಂದರು ಅವರು. "ಬಾಲ್ ಬಂದ್ಮೇಲೆ ಏನಿದೆ, ಒದೆಯೋದು ತಾನೆ?"

ಅವತ್ತು ಮೊದಲು ಗೋಲು ಬಿಟ್ಟುಕೊಟ್ಟವರು ನಾವೇ. ಆಮೇಲೆ ಚೆಟ್ರಿ ಎರಡು ಹೊಡೆದ. ಕೊನೆಗೆ 3-1 ಮಾಡಿದ್ದು ಹುವಾನನ್ ತಲೆ! ಕಂಠೀರವ ಹುಚ್ಚಾಯಿತು. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತದ ಕ್ಲಬ್ ನಮ್ಮದಾಯಿತು. ಈಗಲೂ ಹುವಾನನ್ ಅಂದರೆ ಬೆಂಗಳೂರಿನವರು ಮೊದಲು ಹೇಳೋದು ಆ ಹೆಡ್ಡರ್. ಕತ್ತಿನ ತಿರುಗಾಟ ಯಾರೂ ಹೇಳಲ್ಲ. ನಾನೂ ಮರೆತಿದ್ದೆ, ಹುಡುಗ ಕೇಳಿದ ಮೇಲೆ ನೆನಪಾಯಿತು.

ಇದನ್ನು ಹಿಡಿದು ಹೊರಟರೆ ಎಲ್ಲ ಕಡೆ ಇದೇ ಕತೆ. 2018ರ ಐಎಸ್‌ಎಲ್ ಫೈನಲ್‌ನಲ್ಲಿ ಕಂಠೀರವದಲ್ಲೇ ನಮ್ಮನ್ನು ಅಳಿಸಿದ್ದು ಚೆನ್ನೈಯಿನ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್‌ನ ಎರಡು ಹೆಡ್ಡರ್. ಮರುವರ್ಷ ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷಕ್ಕೆ ನಮಗೆ ಕಪ್ ತಂದದ್ದು ಇನ್ನೊಬ್ಬ ಡಿಫೆಂಡರ್ ರಾಹುಲ್ ಭೇಕೆಯ ಹೆಡ್ಡರ್. ಸೆರ್ಹಿಯೊ ರಾಮೋಸ್ ಅಂದರೆ ಮ್ಯಾಡ್ರಿಡ್ ಜನಕ್ಕೆ 92:48. ಅಂದರೆ 2014ರಲ್ಲಿ ಲಿಸ್ಬನ್‌ನಲ್ಲಿ ನಡೆದ, ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಅವನು ತಲೆಯಿಂದ ಸಮ ಮಾಡಿದ ನಿಮಿಷ, ಸೆಕೆಂಡು. ಡಿಫೆಂಡರ್‌ಗಳನ್ನು ನಾವು ಪ್ರೀತಿಸೋದು ಅವರು ತಮ್ಮ ಕೆಲಸ ಬಿಟ್ಟು ಬೇರೆಯವರ ಕೆಲಸ ಮಾಡಿದ ದಿನ.

ಪುಯೋಲ್ ವಿಷಯದಲ್ಲಿ ಗೋಲಿನಷ್ಟೇ ಉಳಿದದ್ದು ಇನ್ನೊಂದಿದೆ. 2011ರಲ್ಲಿ ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಾಗ ಕಪ್ ಎತ್ತಬೇಕಾದದ್ದು ಕ್ಯಾಪ್ಟನ್ ಪುಯೋಲ್. ಅವನು ತೋಳಿನ ಪಟ್ಟಿ ಬಿಚ್ಚಿ ಜೊತೆ ಆಟಗಾರ ಅಬಿದಾಲ್‌ಗೆ ಕೊಟ್ಟ. ಎರಡು ತಿಂಗಳ ಹಿಂದಷ್ಟೇ ಅಬಿದಾಲ್‌ಗೆ ಲಿವರ್ ಗೆಡ್ಡೆಯ ಆಪರೇಷನ್ ಆಗಿತ್ತು. 2013ರಲ್ಲಿ ಲೀಗ್ ಕಪ್ಪನ್ನು ಮತ್ತೆ ಅಬಿದಾಲ್ ಮತ್ತು ಕ್ಯಾನ್ಸರ್ ಇದ್ದ ಕೋಚ್ ಟಿಟೊ ವಿಲನೋವಾ ಕೈಗೆ ದಾಟಿಸಿದ. ಮರುವರ್ಷ ಟಿಟೊ ತೀರಿಕೊಂಡರು. ಆ ಫೋಟೋ ನೋಡಿದರೆ ಇವತ್ತಿಗೂ ಗಂಟಲು ಕಟ್ಟುತ್ತೆ. ರಾಯೊ ವಯೆಕಾನೊಗೆ ಏಳು ಗೋಲು ಹೊಡೆದ ದಿನ ಬಾರ್ಸಾದ ತಿಯಾಗೊ ಮತ್ತು ದಾನಿ ಆಲ್ವೆಸ್ ಕುಣಿದಾಗ ಓಡಿ ಬಂದು ಬಿಡಿಸಿದ್ದು ಕೂಡ ಇದೇ ಜಾತಿಯದು. ಸೋತವರ ಮನೆಯಲ್ಲಿ ಕುಣಿಯಬೇಡಿ ಅನ್ನೋ ಮರ್ಯಾದೆ. ಎದುರಾಳಿ ಅಭಿಮಾನಿಗಳೂ ಅವನನ್ನು ಬಯ್ಯದೇ ಇದ್ದದ್ದು ಇದಕ್ಕೇ ಇರಬೇಕು. ಪಕ್ಕದಲ್ಲೇ ಆಡಿದ ಪಿಕೆಯೂ ಕ್ಯಾಟಲನ್ (ಸ್ಪೇನ್‌ನಿಂದ ಬೇರೆಯಾಗುವ ಕೂಗಿರುವ, ಬಾರ್ಸಿಲೋನಾ ಇರುವ ಪ್ರಾಂತ್ಯದವನು), ಅವನೂ ಎಲ್ಲ ಕಪ್ ಗೆದ್ದವನು. ಅವನಿಗೆ ಸ್ಪೇನ್ ಜೆರ್ಸಿಯಲ್ಲೇ ಸ್ಪೇನ್ ಜನ ಶಿಳ್ಳೆ ಹೊಡೆದರು. ಅದರಲ್ಲಿ ರಾಜಕೀಯ ಇತ್ತು, ಅವನ ಬಾಯಿಯೂ ಇತ್ತು. ಪುಯೋಲ್ ಕ್ಯಾಟಲನ್ ಬಾವುಟದ ಪಟ್ಟಿಗೆ ಮ್ಯಾಡ್ರಿಡ್‌ನಲ್ಲೇ ಮುತ್ತು ಕೊಟ್ಟವನು, 2009ರ ಆ 6-2 ಪಂದ್ಯದಲ್ಲಿ. ಆದರೂ ಸ್ಪೇನ್‌ಗೆ ನೂರು ಪಂದ್ಯ ಆಡಿ ಎಲ್ಲರಿಂದಲೂ ಒಳ್ಳೆಯವನು ಅನ್ನಿಸಿಕೊಂಡ. ಮಾತು ಕಮ್ಮಿ ಇದ್ದವರಿಗೆ ಈ ಅನುಕೂಲ ಇದೆ.

ರಾಬೆನ್

ಕಳೆದ ವಾರ ಆ 2010ರ ಸೆಮಿಫೈನಲನ್ನು ಪೂರ್ತಿ ಹಾಕಿಕೊಂಡು ಕೂತೆ. ಗೌತಮಪುರದ ಹಿರಿಯರು ಹೇಳಿದ ಹಾಗೆ ಚೆಂಡು ಬಿಟ್ಟು ಗುಂಗುರು ತಲೆ ಮಾತ್ರ ನೋಡೋಣ ಅಂತ. ಕಷ್ಟ ಇದೆ ಸ್ವಾಮಿ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತೆ, ನಮ್ಮವನು ಪರದೆಯಿಂದ ಆಚೆ ಉಳಿಯುತ್ತಾನೆ. ಒಳಗೆ ಬಂದಾಗೆಲ್ಲ ಅದೇ ಕೆಲಸ. ತಿರುಗಿ ನೋಡೋದು, ಕೂಗೋದು, ಪಿಕೆಗೆ ಕೈ ತೋರಿಸೋದು. ಅಷ್ಟು ಗೋಲು ಹೊಡೆದು ಬಂದಿದ್ದ ಜರ್ಮನಿಯ ಕ್ಲೋಸೆಗೆ ಆ ರಾತ್ರಿ ನೆಟ್ಟಗೆ ಒಂದು ಚೆಂಡು ಸಿಗಲಿಲ್ಲ. ಅದು ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಚಪಲ ತಡೆಯದೆ ಫೈನಲನ್ನೂ ಹಾಕಿದೆ. ಅಲ್ಲಿ ಬೇರೆ ಪುಯೋಲ್ ಸಿಕ್ಕ. 16ನೇ ನಿಮಿಷಕ್ಕೇ ಹಳದಿ ಕಾರ್ಡ್ ತಿಂದಿದ್ದಾನೆ. ಎರಡನೇ ಅರ್ಧದ ಕೊನೆಯ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನ ರಾಬೆನ್ ಅವನನ್ನು ಓಟದಲ್ಲಿ ಹಿಂದೆ ಹಾಕಿದ. ಪುಯೋಲ್ ಹಿಂದಿನಿಂದ ತೋಳು ಹಾಕಿ ಹಿಡಿದ. ರಾಬೆನ್ ಬಿದ್ದಿದ್ದರೆ ಎರಡನೇ ಹಳದಿ, ಸ್ಪೇನ್ ಹತ್ತು ಜನ, ಬಹುಶಃ ಕಪ್ಪೂ ಕೈತಪ್ಪುತ್ತಿತ್ತು. ಅವನು ಬೀಳಲಿಲ್ಲ. ಓಡುತ್ತಲೇ ಹೋದ, ಕಸಿಯಾಸ್ ಕಾಲಿಗೆ ಬಿದ್ದು ಚೆಂಡು ಹಿಡಿದ. ರಾಬೆನ್ ರೆಫ್ರಿ ಹತ್ತಿರ ಕೂಗಾಡಿ ತಾನೇ ಹಳದಿ ಕಾರ್ಡ್ ತಿಂದ. 116ನೇ ನಿಮಿಷಕ್ಕೆ ಇನಿಯೆಸ್ತಾ ಗೋಲು ಹೊಡೆದ. ಜನರ ನೆನಪಿನಲ್ಲಿ ಉಳಿದದ್ದು ಕಸಿಯಾಸ್ ಮತ್ತು ಇನಿಯೆಸ್ತಾ. ಪುಯೋಲ್ ಸೋತ ಆ ಓಟ ಎಲ್ಲೂ ಇಲ್ಲ. ಡಿಫೆಂಡರ್‌ನ ಒಳ್ಳೇ ಕೆಲಸವನ್ನು ಮರೆಯುವ ನಾವು, ಪುಣ್ಯಕ್ಕೆ, ಒಮ್ಮೊಮ್ಮೆ ತಪ್ಪನ್ನೂ ಮರೆಯುತ್ತೇವೆ.

ಇದನ್ನೆಲ್ಲ ಬರೆಯುವ ಮೊದಲು ಆ ರೂಂಮೇಟ್‌ಗೆ ಫೋನ್ ಮಾಡಿದೆ. ಈಗ ಹುಬ್ಬಳ್ಳಿಯಲ್ಲಿದ್ದಾನೆ. ಅವತ್ತು ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಅಂತ ಕೇಳಿದೆ.

"ಕರೆಂಟ್ ಎಲ್ಲಿ ಹೋಗಿತ್ತೋ? ಆ ಗೋಲು ಇಬ್ರೂ ನೋಡಿದ್ವಲ್ಲ. ಕಾರ್ನರ್ ಬಂತು, ಕೂದ್ಲು ಹಾರ್ತು, ನೀನು ಕುಣಿಯೋಕೆ ಹೋಗಿ ಬಕೆಟ್ ಒದ್ದೆ. ಇಡೀ ವಾರ ಪಾತ್ರೆ ತೊಳೆದಿದ್ದು ನಾನು, ನಂಗೆ ಗೊತ್ತಿಲ್ವಾ?"

ಇಲ್ಲ ಮಾರಾಯ, ನೋಡಲಿಲ್ಲ, ಎದುರುಮನೆಯವರು ಕೂಗಿ ಹೇಳಿದ್ದು ಅಂದೆ. ಅವನು ಒಪ್ಪಲಿಲ್ಲ. ಕಾರ್ನರ್ ಯಾವ ಕಡೆಯಿಂದ ಬಂತು, ಪಿಕೆ ಎಲ್ಲಿ ನಿಂತಿದ್ದ, ಎಲ್ಲ ಬಿಡಿಸಿ ಹೇಳಿದ. ಒಂದೂ ತಪ್ಪಿರಲಿಲ್ಲ.

ಬಕೆಟ್ ಒದ್ದದ್ದಂತೂ ನಿಜ. ಆದರೆ ಅದು ಕತ್ತಲಲ್ಲಿ.